ಕರ್ಲ್ ಎಐಯನ್ನು ನಿಷೇಧಿಸಿಲ್ಲ: ಒಂದು ಸ್ಪಷ್ಟನೆ

‘ಅಂತರ್ಜಾಲದಲ್ಲಿ ದತ್ತಾಂಶ ಸಾಗಿಸುವ ಮುಕ್ತ ತಂತ್ರಾಂಶವಾದ ಕರ್ಲ್, ಎಐ ಬಳಕೆಯನ್ನೇ ನಿಷೇಧಿಸಿದೆ’ ಎಂಬ ಮಾತು ಹರಿದಾಡುತ್ತಿದೆ; ಅದು ಸರಿಯಲ್ಲ. 2026ರ ಜನವರಿ ಕೊನೆಗೆ ನಿಂತದ್ದು, ಭದ್ರತಾ ಲೋಪ ತೋರಿಸಿಕೊಟ್ಟವರಿಗೆ 2019ರಿಂದ ಕೊಡುತ್ತಿದ್ದ ನಗದು ಬಹುಮಾನ ಮಾತ್ರ. ಕರ್ಲ್‌ನ ಕೋಡ್‌ನಲ್ಲಿ ಇಲ್ಲವೇ ಇಲ್ಲದ ಫಂಕ್ಷನ್ನೊಂದನ್ನು (ಕೋಡ್‌ನ ಒಂದು ಘಟಕ) ಹೆಸರಿಸಿ, ಎಚ್‌ಟಿಟಿಪಿ/3 (ವೆಬ್ ಸಂವಹನದ ನಿಯಮಾವಳಿ) ಭಾಗದಲ್ಲಿ ಗಂಭೀರ ಲೋಪವಿದೆಯೆಂದು ಅಚ್ಚುಕಟ್ಟಾದ ಭಾಷೆಯಲ್ಲಿ ವಾದಿಸಿದಂಥ, ಎಐಯಿಂದ ಬರೆಸಿದ ವರದಿಗಳು ಬಹುಮಾನದ ಆಸೆಗೆ ಬರತೊಡಗಿದ್ದೇ ಇದಕ್ಕೆ ಮುಖ್ಯ ಕಾರಣ. ಇಂಥವನ್ನು ಬರೆಸಲು ನಿಮಿಷ ಸಾಕು, ಸುಳ್ಳೆಂದು ಖಚಿತಪಡಿಸಿಕೊಳ್ಳಲು ಮಾತ್ರ ಬೆರಳೆಣಿಕೆಯ ನಿರ್ವಾಹಕರು ಗಂಟೆಗಟ್ಟಲೆ ಕೂರಬೇಕು. ಎಐ ಮೇಲೆ ದ್ವೇಷವೇ ಇದ್ದಿದ್ದರೆ, ಯೋಜನೆಯ ಮುಖ್ಯಸ್ಥ ಡೇನಿಯಲ್ ಸ್ಟೆನ್‌ಬರ್ಗ್ 2025ರ ಸೆಪ್ಟೆಂಬರ್‌ನಲ್ಲಿ ಎಐ ಸಾಧನಗಳ ನೆರವಿನಿಂದ ಸಿದ್ಧವಾದ ದೋಷಪಟ್ಟಿಯೊಂದನ್ನು ಬಹಿರಂಗವಾಗಿ ಮೆಚ್ಚುತ್ತಿರಲಿಲ್ಲ. ಆ ಪಟ್ಟಿಯಿಂದ ಹತ್ತಾರು ತಪ್ಪುಗಳು ತಿದ್ದುಪಡಿಯಾದವು.