ವಿಟಮಿನ್ ಡಿ ವರದಿಯ ಕುರಿತು ಒಂದು ಸ್ಪಷ್ಟನೆ

ವಿಟಮಿನ್ ಡಿ ಪ್ರತಿ ಮಿಲಿಲೀಟರ್‌ಗೆ 20 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ದೀರ್ಘಕಾಲದ ಕಾಯಿಲೆಯವರೂ ತಾವಾಗಿಯೇ ವಾರಕ್ಕೊಂದು 60,000 ಯೂನಿಟ್‌ನ ಮಾತ್ರೆ ನುಂಗಬಹುದೆಂಬ ಸಂದೇಶ ಹರಿದಾಡುತ್ತಿದೆ, ಅದು ಸರಿಯಲ್ಲ. ಪ್ರಯೋಗಾಲಯ ಸಾಮಾನ್ಯವಾಗಿ ಅಳೆಯುವುದು ಯಕೃತ್ತಿನಲ್ಲಿ ತಯಾರಾಗುವ, ಇನ್ನೂ ಸಕ್ರಿಯವಾಗದ 25-ಹೈಡ್ರಾಕ್ಸಿ ಎಂಬ ರೂಪವನ್ನು. ರಕ್ತದಲ್ಲಿರುವ ಸಕ್ರಿಯ ರೂಪ ಮುಖ್ಯವಾಗಿ ಮೂತ್ರಪಿಂಡದಲ್ಲಿ ಸಿದ್ಧವಾಗುತ್ತದೆ. ಆದರೆ ಅಂಗಾಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳು ಮೂಡುವ ಕಾಯಿಲೆಯಾದ ಸಾರ್ಕಾಯ್ಡೋಸಿಸ್‌ನಲ್ಲಿ, ಕೆಲವೊಮ್ಮೆ ಕ್ಷಯದಲ್ಲೂ, ಉರಿಯೂತದ ಗಂಟುಗಳೊಳಗಿನ ಜೀವಕೋಶಗಳೇ ಈ ಪರಿವರ್ತನೆಯನ್ನು ಅಂಕೆಯಿಲ್ಲದೆ ಮಾಡುವುದರಿಂದ, ವರದಿಯಲ್ಲಿ ಕೊರತೆ ಕಂಡರೂ ಸಕ್ರಿಯ ರೂಪ ಹೆಚ್ಚಾಗಿರಬಹುದು. ಅಂಥವರಲ್ಲಿ ದೊಡ್ಡ ಪ್ರಮಾಣದ ಮಾತ್ರೆ ಕ್ಯಾಲ್ಸಿಯಂ ಅನ್ನು ಏರಿಸಿ ಮೂತ್ರಪಿಂಡಕ್ಕೇ ಹಾನಿ ಮಾಡೀತು ಎಂಬುದು ನನ್ನ ನಿಜವಾದ ಆತಂಕ. ತೀವ್ರ ಉರಿಯೂತವೂ ವರದಿಯಲ್ಲಿನ ವಿಟಮಿನ್ ಡಿ ಅಂಕಿಯನ್ನು ತಗ್ಗಿಸುತ್ತದೆ. ಹಾಗೆಂದು ಕೊರತೆಯನ್ನು ಕಡೆಗಣಿಸಬೇಕೆಂದಲ್ಲ. ಕ್ಯಾಲ್ಸಿಯಂ, ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್, ಕ್ಯಾಲ್ಸಿಯಂ ಅನ್ನು ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನ್‌ಗಳ ಜೊತೆಗಿಟ್ಟು ನೋಡಿದ ಮೇಲೆಯೇ ವೈದ್ಯರು ಮಾತ್ರೆಯ ಪ್ರಮಾಣವನ್ನು ನಿರ್ಧರಿಸಬೇಕು.