ಟಕಟಕವೋ, ಗಡಗಡವೋ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ನಾವಿರುವ ಬೀದಿಯಲ್ಲಿ ಬೆಳಿಗ್ಗೆ ಏಳಕ್ಕೆ ಒಂದು ನಾಯಿಯೂ ಬೊಗಳುವುದಿಲ್ಲ. ಅಂಥ ಹೊತ್ತಲ್ಲಿ ನನ್ನ ಕಾರು ಸ್ಟಾರ್ಟ್ ಆದರೆ ಎಲ್ಲರಿಗೂ ಗೊತ್ತಾಗುತ್ತದೆ. ಟಕಟಕಟಕಟಕ.

1991ರ ಮಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಟಾಪು, ಗುಂಡಿ ಒತ್ತಿದರೆ ಕಪ್ಪೆ ಥರ ಕಣ್ಣು ಬಿಡುವ ಹೆಡ್‌ಲೈಟು. ಮನೆಯಲ್ಲಿ ಇನ್ನೊಂದು ಕಾರಿದೆ. ಅದು ಕೆಲಸಕ್ಕೆ, ಇದು ತೆವಲಿಗೆ.

ಒಬ್ಬ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನ ಮೊದಲ ಪ್ರಶ್ನೆ: ಟಿಕ್ ಟಿಕ್ಕೋ, ನಾಕ್ ನಾಕೋ? ಟಿಕ್ ಆದರೆ ಮೇಲೆ ವಾಲ್ವುಗಳ ಹತ್ತಿರ ಏನೋ ಸಣ್ಣ ತಕರಾರು. ನಾಕ್ ಆದರೆ ಕೆಳಗೆ ಬೇರಿಂಗ್ ಹೋಗಿದೆ, ಇಂಜಿನ್ನೇ ಇಳಿಸಬೇಕು. ನಮಗೋ, ಟಕಟಕ, ಕಟಕಟ, ಲೊಟಲೊಟ, ಗಡಗಡ ಅಂತ ಒಂದು ಬುಟ್ಟಿ ಶಬ್ದ ಇದೆ. ಅದರಲ್ಲಿ ಯಾವುದನ್ನು ಟಿಕ್‌ಗೆ ಸೇರಿಸೋದು, ಯಾವುದನ್ನು ನಾಕ್‌ಗೆ? ಕೊನೆಗೆ ಆಫೀಸಿನ ಕಾಫಿ ಮಷೀನಿನ ಪಕ್ಕ ನಿಂತು, ಫೋನಿಗೆ ಬಾಯಿ ಹಚ್ಚಿ, ಒಂದು ನಿಮಿಷ ಪೂರ್ತಿ ಟಕಟಕ ಮಾಡಿದೆ. ತಿರುಗಿ ನೋಡಿದರೆ ಮ್ಯಾನೇಜರ್ ಖಾಲಿ ಲೋಟ ಹಿಡಿದು ನಿಂತಿದ್ದಾರೆ. "ತಗೊಂಡು ಬಾ, ನೋಡೋಣ" ಅಂದ ಮೆಕ್ಯಾನಿಕ್. ತಗೊಂಡು ಹೋದೆ. ದಾರಿಯಲ್ಲಿ ಇಂಜಿನ್ ಬಿಸಿಯಾಗಿ ಶಬ್ದ ನಿಂತುಹೋಯಿತು. ರಾತ್ರಿಯಿಡೀ ಅತ್ತ ಮಗು ಡಾಕ್ಟರ ಮುಂದೆ ನಕ್ಕಿತಲ್ಲ, ಹಾಗೆ. ಅವನು ನನ್ನನ್ನು ನೋಡಿದ ರೀತಿ ನನಗಿನ್ನೂ ನೆನಪಿದೆ.

ಸರಿ, ನಾನೇ ನೋಡ್ತೀನಿ ಅಂತ ಶನಿವಾರ ಬಾನೆಟ್ ಎತ್ತಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್‌ಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿದರೆ ಶಬ್ದ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ. ಬಡವರ ಸ್ಟೆತಾಸ್ಕೋಪು. ಮುಂದೆ ಇಟ್ಟೆ, ಟಕಟಕ. ಹಿಂದೆ ಇಟ್ಟೆ, ಟಕಟಕ. ಬ್ಯಾಟರಿ ಡಬ್ಬಿಗೂ ಒಂದು ಸಲ ಇಟ್ಟು ನೋಡಬೇಕು ಅನ್ನಿಸಿತು. ಅದು ಡಿಕ್ಕಿಯಲ್ಲಿದೆ. ಸಿಲಿಂಡರಿಗೆ ಕಿಡಿ ಕೊಡುವ ಪ್ಲಗ್ ವೈರನ್ನು ಒಂದೊಂದಾಗಿ ಕಿತ್ತು ನೋಡೋದು ಇನ್ನೊಂದು ಉಪಾಯ. ಕಿತ್ತಾಗ ಶಬ್ದ ತಗ್ಗಿದರೆ ಆ ಸಿಲಿಂಡರಿನ ಬೇರಿಂಗ್ ಮೇಲೆ ಅನುಮಾನ. ಮೊದಲನೆಯದನ್ನು ಕೀಳುವಾಗಲೇ ಕೈಗೆ ಶಾಕ್ ಹೊಡೆಯಿತು. ಉಳಿದ ಮೂರನ್ನು ನಂಬಿಕೆಯ ಮೇಲೆ ಬಿಟ್ಟೆ.

ಊರಿಂದ ಅಪ್ಪ ಅಮ್ಮ ಬಂದಿದ್ದರು. ಅಪ್ಪ ತಿಪಟೂರಿನಲ್ಲಿ ಇಪ್ಪತ್ತು ವರ್ಷ ಯೆಜ್ಡಿ ಬೈಕ್ ಓಡಿಸಿದವರು. ಮೈಸೂರಿನಲ್ಲಿ ತಯಾರಾದ ಗಾಡಿ ಅನ್ನೋ ಹೆಮ್ಮೆ ಇವತ್ತಿಗೂ ಇದೆ. ಬಂದು ಪಕ್ಕದ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ಕೇಳಿ, "ಬೋರಿಗೆ ಬಂದಿದೆ" ಅಂದರು. ಅಂದರೆ ಸಿಲಿಂಡರ್ ಸವೆದಿದೆ, ಕೊರೆಸಿ ಸರಿ ಮಾಡಿಸಬೇಕು ಅಂತ.

"ಅಪ್ಪಾ, ಇದು ವಾಲ್ವ್ ಶಬ್ದ ಇರಬೇಕು."

"ವಾಲ್ವಾ? ನಮ್ಮ ಗಾಡಿಗೆ ವಾಲ್ವೇ ಇರಲಿಲ್ವಲ್ಲೋ."

ನಿಜ. ಟೂ ಸ್ಟ್ರೋಕ್ ಗಾಡಿ, ವಾಲ್ವ್ ಎಲ್ಲಿಂದ ಬರಬೇಕು. ಹಾಗಂತ ಅವರು ಸುಮ್ಮನಿರಲಿಲ್ಲ. ಯೆಜ್ಡಿಗೆ ಹಾಕುತ್ತಿದ್ದ ಹಾಗೆ ಪೆಟ್ರೋಲಿಗೆ ಒಂದಿಷ್ಟು ಆಯಿಲ್ ಬೆರೆಸಿ ನೋಡು ಅಂದರು. ಕಾರ್ಬನ್ ಕಟ್ಟಿರಬೇಕು, ಸೈಲೆನ್ಸರ್ ಬಿಚ್ಚು, ಹಿತ್ತಲಲ್ಲಿ ಸೌದೆ ಹಾಕಿ ಸುಟ್ಟುಬಿಡೋಣ ಅಂದರು. ಕ್ಯಾಲಿಫೋರ್ನಿಯಾದಲ್ಲಿ ಹಿತ್ತಲಲ್ಲಿ ಸೈಲೆನ್ಸರ್ ಸುಟ್ಟರೆ ಮೊದಲು ಬರೋದು ಫೈರ್ ಇಂಜಿನ್.

ಎರಡೇ ಸೀಟಿನ ಕಾರು, ಹಾಗಾಗಿ ಡಾಕ್ಟರುಗಳು ಒಬ್ಬೊಬ್ಬರಾಗಿ ಬರಬೇಕು. ಹೆಂಡತಿ ಕೂರಲೂ ಇಲ್ಲ. ಬಾಗಿಲಲ್ಲೇ ನಿಂತು, "ರೀ, ಮಾರಿಬಿಡಿ" ಅಂದಳು.

ಕೊನೆಗೆ ಅಮ್ಮ. ಸೀರೆ ಒಟ್ಟು ಮಾಡಿಕೊಂಡು ಒಳಗೆ ಇಳಿದು, "ಇದೇನೋ, ಚಾಪೆ ಮೇಲೆ ಕೂತಂಗಿದೆ" ಅಂದಳು. ಎರಡು ನಿಮಿಷ ಕೇಳಿಸಿಕೊಂಡಳು.

"ಎಣ್ಣೆ ಬಿಟ್ಟು ಎಷ್ಟು ದಿನ ಆಯ್ತು?"

"ಏನು?"

"ನನ್ನ ಹೊಲಿಗೆ ಮಷೀನು ಎಣ್ಣೆ ಕಾಣದಿದ್ದಾಗ ಹಿಂಗೇ ಬಡ್ಕೊಳ್ತಿತ್ತು."

ನಾನು ನಕ್ಕೆ. ನಕ್ಕು, ಅಮ್ಮ ಒಳಗೆ ಹೋದ ಮೇಲೆ ಇಂಜಿನ್ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಎಳೆದೆ. ಎರಡು ವಾರದಿಂದ ಕಾರಿನ ಎಲ್ಲ ಭಾಗಕ್ಕೂ ಕಿವಿ ಇಟ್ಟವನು ಇದೊಂದನ್ನು ಮುಟ್ಟಿರಲಿಲ್ಲ. ಕಡ್ಡಿಯ ತುದಿಯಲ್ಲಿ ಒಂದೇ ಒಂದು ತೊಟ್ಟು, ಮೂರನೇ ಸಲ ಇಳಿಸಿದ ಡಿಕಾಕ್ಷನ್ ಥರ.

ಆಮೇಲೆ ಓದಿಕೊಂಡೆ. ಈ ಇಂಜಿನ್‌ನಲ್ಲಿ 16 ವಾಲ್ವ್. ಒಂದೊಂದರ ತಲೆ ಮೇಲೂ ಒಂದು ಪುಟ್ಟ ಲೋಹದ ಬಟ್ಟಲು ಕವುಚಿ ಇಟ್ಟಿರುತ್ತಾರೆ. ಅದರೊಳಗೆ ಆಯಿಲ್ ತುಂಬಿಕೊಂಡು ಸಂದು ಇರದ ಹಾಗೆ ನೋಡಿಕೊಳ್ಳುತ್ತದೆ. ಆಯಿಲ್ ಕಮ್ಮಿಯಾದರೆ ಗಾಳಿ ಸೇರುತ್ತದೆ, ಸಂದು ಬೀಳುತ್ತದೆ, ವಾಲ್ವ್ ಒತ್ತಲು ಮೇಲೆ ತಿರುಗುವ ಕ್ಯಾಮ್ ಬಂದು ಬಂದು ಟಕ್ ಅಂತ ಕುಟ್ಟುತ್ತದೆ. ನಿಂತಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 850 ಸುತ್ತು, ಕ್ಯಾಮ್ ಅದರ ಅರ್ಧ. ಅಂದರೆ ಒಂದು ವಾಲ್ವಿಗೆ ಸೆಕೆಂಡಿಗೆ ಏಳು ಟಕ್. ಹಬ್ಬದ ಹಿಂದಿನ ರಾತ್ರಿ ಅಮ್ಮ ಲಂಗ ಹೊಲಿಯುತ್ತಿದ್ದುದೂ ಹೆಚ್ಚುಕಮ್ಮಿ ಇದೇ ತಾಳದಲ್ಲಿ.

ತಪ್ಪು ಕಾರಿನದಲ್ಲ, ನಂದು. ಹಳೇ ಆಯಿಲ್ ಇಳಿಸಿ 3.6 ಲೀಟರ್ ಹೊಸದು ಹಾಕಬೇಕಿತ್ತು, ಅಷ್ಟೇ. ಆದರೆ ಜೊತೆಗೇ ಬದಲಾಯಿಸಬೇಕಾದ ಆಯಿಲ್ ಫಿಲ್ಟರ್ ಇರುವುದು ಇಂಟೇಕ್ ಪೈಪುಗಳ ಅಡಿಯಲ್ಲಿ, ಕಣ್ಣಿಗೆ ಕಾಣದ ಮೂಲೆಯಲ್ಲಿ. ಕೆಳಗೆ ಮಲಗಿ, ಮೊಣಕೈ ತರಚಿಕೊಂಡು, ಹಸು ಕರು ಹಾಕುವಾಗ ಕೈ ಹಾಕಿದ ಹಾಗೆ ತಡಕಾಡಬೇಕು. ಸಿಕ್ಕಿತು, ತಿರುಗಿಸಿದೆ. ಒಳಗಿದ್ದ ಆಯಿಲ್ ಅಂಗೈಯಿಂದ ಮುಂಗೈಗೆ, ಅಲ್ಲಿಂದ ಕಂಕುಳಿಗೆ ಬೆಚ್ಚಗೆ ಹರಿದು ಬಂತು. ಅಂಗಿ ಮದುವೆಯಲ್ಲಿ ಮಾವ ಕೊಡಿಸಿದ್ದು. ಹೆಂಡತಿಗೆ ಇನ್ನೂ ಗೊತ್ತಿಲ್ಲ.

ಮಾರನೇ ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಒಂದೈದು ನಿಮಿಷ ಟಕಟಕ, ಆಮೇಲೆ ಟಕ... ಟಕ... ಆಮೇಲೆ ನಿಂತೇಹೋಯಿತು. ಅಪ್ಪ ಕಾಫಿ ಲೋಟ ಹಿಡಿದು ಬಂದು, "ಈಗ ಸುಮ್ಮನಾಗಿದೆ, ಆದರೂ ಒಂದ್ಸಲ ಬೋರ್ ಮಾಡಿಸಿಬಿಡು" ಅಂದರು.

ಆಗಲೇ ಕೇಳಿಸಿದ್ದು. ಇಷ್ಟು ದಿನ ಆ ಟಕಟಕದ ಮರೆಯಲ್ಲಿ ಕೂತಿದ್ದ ಇನ್ನೊಂದು ಶಬ್ದ. ಕಿರ್ರ್ ಕಿರ್ರ್ ಕಿರ್ರ್.

ಈ ಸಲ ಸ್ಕ್ರೂಡ್ರೈವರ್ ಹುಡುಕಲಿಲ್ಲ. ನೇರ ಅಮ್ಮನನ್ನೇ ಕರೆದೆ.

"ಬೆಲ್ಟು ಕಣೋ," ಅಂದಳು, ಕೈ ಸೆರಗಿಗೆ ಒರೆಸಿಕೊಳ್ಳುತ್ತಾ. "ಸಡಿಲ ಆಗಿದೆ. ನನ್ನ ಮಷೀನಿಂದೂ ಹಿಂಗೇ ಆಗ್ತಿತ್ತು. ಒಂದಿಂಚು ಕತ್ತರಿಸಿ ಕೊಕ್ಕೆ ಹಾಕಿಬಿಟ್ರೆ ಆಯ್ತು. ಇರು, ಕತ್ತರಿ ತರ್ತೀನಿ."