ಸತ್ಯಾಂಶ: ದಿನಕ್ಕೊಂದು ಕ್ಯಾರೆಟ್ ತಿಂದರೆ ಎಲ್ಲರಿಗೂ ವಿಟಮಿನ್ ಎ ಸಾಕೇ?

‘ದಿನಕ್ಕೊಂದು ಹಸಿ ಕ್ಯಾರೆಟ್ ತಿನ್ನಿ, ವಿಟಮಿನ್ ಎ ಕೊರತೆ ಯಾರಿಗೂ ಬರದು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ.

ಕ್ಯಾರೆಟ್‌ನಲ್ಲಿರುವುದು ವಿಟಮಿನ್ ಎ ಅಲ್ಲ, ಬೀಟಾ ಕ್ಯಾರೋಟಿನ್. ಕರುಳಿನ ಗೋಡೆಯ ಕೋಶಗಳಲ್ಲಿರುವ ಬಿಸಿಒ1 ಎಂಬ ಕಿಣ್ವ ಆ ಅಣುವನ್ನು ಸರಿಯಾಗಿ ನಡುವೆ ಕತ್ತರಿಸಬೇಕು. ಆಗಲೇ ಅದು ವಿಟಮಿನ್ ಎ ಆಗುವುದು. ಆಹಾರದ 12 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್‌ಗೆ 1 ಮೈಕ್ರೋಗ್ರಾಂ ವಿಟಮಿನ್ ಎ ಎಂಬುದು ಬರೀ ಸರಾಸರಿ ಲೆಕ್ಕ. ಕಿಣ್ವದ ವಂಶವಾಹಿಯಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಈ ಲೆಕ್ಕ ತಪ್ಪಬಹುದು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡು ನಿರ್ದಿಷ್ಟ ರೂಪಾಂತರಗಳಿದ್ದ ಮಹಿಳೆಯರಲ್ಲಿ ಈ ಪರಿವರ್ತನೆ ಶೇ 69ರಷ್ಟು ಕಡಿಮೆಯಿತ್ತು.

ಹಾಗೆಂದು ಡಿಎನ್‌ಎ ಪರೀಕ್ಷೆಗೆ ದುಡ್ಡು ಸುರಿಯಬೇಕಿಲ್ಲ. ತಿನ್ನುವ ಬಗೆ ಬದಲಿಸಿದರೂ ಸಾಕಷ್ಟು ಅನುಕೂಲವಿದೆ. ಹಸಿಯಾಗಿ ಕಚ್ಚಿ ತಿಂದಾಗ ಕ್ಯಾರೋಟಿನ್‌ನ ಬಹುಪಾಲು ಗಟ್ಟಿ ಕೋಶಭಿತ್ತಿಯೊಳಗೇ ಉಳಿದು ಹೊರಹೋಗುತ್ತದೆ. ತುರಿದು, ಬೇಯಿಸಿ, ಊಟದಲ್ಲಿ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚ ಎಣ್ಣೆ ಇರುವಂತೆ ನೋಡಿಕೊಂಡರೆ ಹೀರಿಕೆ ಹೆಚ್ಚುತ್ತದೆ. ಹಾಲು, ಮೊಟ್ಟೆಯಲ್ಲಿ ಸಿದ್ಧ ವಿಟಮಿನ್ ಎ ಇರುವುದರಿಂದ ಅಲ್ಲಿ ಈ ಕಿಣ್ವದ ಹಂಗೇ ಇಲ್ಲ.

ಮಬ್ಬುಬೆಳಕಿನಲ್ಲಿ ಕಣ್ಣು ಕಾಣದಂತಾದರೆ ಕ್ಯಾರೆಟ್ ನಂಬಿ ಕೂರದೆ ವೈದ್ಯರಿಗೆ ತೋರಿಸಿ. ಧೂಮಪಾನಿಗಳಂತೂ ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಲೇಬಾರದು: ದಿನಕ್ಕೆ 20–30 ಮಿಲಿಗ್ರಾಂ ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು.